ಬಿಲ್ಲುಬಂಡಿ ಏರಿದ ಅಯ್ಯಂಕಾಳಿ

ಮುಷ್ಕರ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಗಿರಣಿಯ ಚಿಮಣಿ, ಮುಚ್ಚಿದ ಹೆಬ್ಬಾಗಿಲು, ಬಾವುಟ ಹಿಡಿದ ಕೆಲಸಗಾರರ ಗುಂಪು. 1908ರಲ್ಲಿ ಲೋಕಮಾನ್ಯ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾದಾಗ ಮುಂಬಯಿಯ ಗಿರಣಿ ಕೆಲಸಗಾರರು ಆರು ದಿನ ಕೆಲಸ ನಿಲ್ಲಿಸಿದ ಸಂಗತಿಯನ್ನು ಚರಿತ್ರೆಯ ಪುಸ್ತಕಗಳು ತಪ್ಪದೆ ಹೇಳುತ್ತವೆ. ಹೈದರಾಬಾದಿನ ಹಳಬರಿಗೆ, ಕವಿಯೂ ಕಾರ್ಮಿಕ ಮುಖಂಡರೂ ಆಗಿದ್ದ ಮಖ್ದೂಮ್ ಮೊಹಿಯುದ್ದೀನರ ಹೆಸರು ನೆನಪಾದೀತು. ಆದರೆ ಹೆಚ್ಚುಕಡಮೆ ತಿಲಕರಿಗೆ ಶಿಕ್ಷೆಯಾದ ಆ ಕಾಲಕ್ಕೇ, ದೇಶದ ತೆಂಕಣ ತುದಿಯ ತಿರುವಾಂಕೂರು ಸಂಸ್ಥಾನದಲ್ಲಿ, ಗಿರಣಿಯ ಮುಖವನ್ನೇ ಕಾಣದ ಹೊಲದಾಳುಗಳು ಒಂದು ಮುಷ್ಕರ ಹೂಡಿದರು. ಅವರು ಎಲ್ಲಕ್ಕೂ ಮೊದಲು ಕೇಳಿದ್ದು ತಮ್ಮ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಬೇಕೆಂದು. ಕೂಲಿಯ ಮಾತು ಬಂದದ್ದು ಅದರ ಜೊತೆಯಲ್ಲಿ. ಆ ಮುಷ್ಕರವನ್ನು ನಡೆಸಿದವರಿಗೆ ಓದು ಬರಹ ಬರುತ್ತಿರಲಿಲ್ಲ. ಅವರೇ ವೆಂಗಾನೂರಿನ ಬೇಸಾಯಗಾರ ಅಯ್ಯಂಕಾಳಿ.

ಇವರ ಹೆಸರು ಕೇರಳದಲ್ಲಿ ಮನೆಮಾತಾಗಿದೆ. ನಮ್ಮ ಕನ್ನಡ ಮನೆಗಳಲ್ಲಿ ನಾರಾಯಣ ಗುರುಗಳನ್ನು ಬಲ್ಲಷ್ಟು ಇವರನ್ನು ಬಲ್ಲವರಿಲ್ಲ. ಆದ್ದರಿಂದ ಇವರ ಬಾಳಿನ ಕಥೆಯನ್ನು ನಮ್ಮ ಕುಟುಂಬಗಳ ಮುಂದೆ ಸ್ವಲ್ಪ ವಿವರವಾಗಿಯೇ ಇಡಬೇಕೆನಿಸುತ್ತದೆ.

ಹುಟ್ಟಿದ ಊರು, ಹುಟ್ಟಿದ ಕಾಲ

ತಿರುವನಂತಪುರದಿಂದ ದಕ್ಷಿಣಕ್ಕೆ ಕೆಲವೇ ಹರದಾರಿ ಹೋದರೆ ವೆಂಗಾನೂರು ಸಿಗುತ್ತದೆ. ಪಕ್ಕದಲ್ಲಿ ವಿಳಿಞ್ಞಂ ಎಂಬ ಮೀನುಗಾರರ ಬಂದರು. ಸುತ್ತಲೂ ತೆಂಗಿನ ತೋಟ, ತಗ್ಗಿನಲ್ಲಿ ಭತ್ತದ ಗದ್ದೆ. ಇಲ್ಲಿ 1863ನೆಯ ಇಸವಿ ಆಗಸ್ಟ್ 28ರಂದು ಅಯ್ಯನ್ ಮತ್ತು ಮಾಲಾ ಎಂಬ ದಂಪತಿಗಳ ಮಗನಾಗಿ ಅಯ್ಯಂಕಾಳಿಯವರು ಹುಟ್ಟಿದರು. ಜಾತಿಯಿಂದ ಪುಲಯರು. ಮಲೆಯಾಳದಲ್ಲಿ ‘ಪುಲಂ’ ಎಂದರೆ ಹೊಲ. ನಮ್ಮ ಹಳಗನ್ನಡದ ‘ಪೊಲ’ವೂ ಅದೇ. ಹೊಲವನ್ನು ನಂಬಿ ಬದುಕಿದ ಜನವಾದರೂ ಹೊಲದ ಒಡೆತನ ಅವರ ಪಾಲಿಗೆ ಬರಲಿಲ್ಲ. ಉತ್ತವರು, ನೆಟ್ಟವರು, ಕೊಯ್ದವರು ಅವರು. ಕಣಜ ತುಂಬಿದ್ದು ಬೇರೆಯವರದು.

ಈ ಜನರನ್ನು ಹೊಲದ ಜೊತೆಯಲ್ಲಿಯೇ ಮಾರುವ, ಅಡವಿಡುವ ಕ್ರಮ ತಿರುವಾಂಕೂರಿನಲ್ಲಿ ಬಹುಕಾಲ ಇತ್ತು. 1855ರಲ್ಲಿ ಸರ್ಕಾರ ಗುಲಾಮಗಿರಿಯನ್ನು ರದ್ದು ಮಾಡಿತು. ಅದಾದ ಎಂಟು ವರ್ಷಕ್ಕೆ ಅಯ್ಯಂಕಾಳಿಯವರು ಹುಟ್ಟಿದರು. ಆದುದರಿಂದ ಕಾನೂನಿನ ದೃಷ್ಟಿಯಲ್ಲಿ ಅವರು ಸ್ವತಂತ್ರರಾಗಿಯೇ ಹುಟ್ಟಿದವರು. ಆದರೇನು? ಪುಲಯರು ಮೇಲಿನ ಜಾತಿಯವರಿಂದ ಇಂತಿಷ್ಟು ಹೆಜ್ಜೆ ದೂರ ಸರಿಯಬೇಕು. ದೊಡ್ಡ ದಾರಿಯಲ್ಲಿ ನಡೆಯಬಾರದು. ಸಂತೆಯೊಳಕ್ಕೆ ಕಾಲಿಡಬಾರದು. ಗಂಡಸಾಗಲಿ ಹೆಂಗಸಾಗಲಿ ಸೊಂಟದಿಂದ ಮೇಲೆ, ಮೊಣಕಾಲಿನಿಂದ ಕೆಳಗೆ ಬಟ್ಟೆ ಹಾಕಬಾರದು. ಹೆಂಗಸರು ಕೊರಳಿಗೆ ಬಣ್ಣದ ಕಲ್ಲಿನ ಸರಗಳನ್ನೇ ತೊಡಬೇಕು. ಅದು ಅವರ ಜಾತಿಯ ಗುರುತು. ಒಡೆಯನ ಮನೆಯಲ್ಲಿ ಕೆಲಸ ಮಾಡಿದ ದಿನ ನೆಲದಲ್ಲಿ ಸಣ್ಣ ಗುಂಡಿ ತೋಡಿ, ಅದರಲ್ಲಿ ಎಲೆ ಹಾಸಿ, ಗಂಜಿ ಹೊಯ್ಯುತ್ತಿದ್ದರು. ಇಂಥ ಆಚಾರಗಳನ್ನು ಕಂಡ ಸ್ವಾಮಿ ವಿವೇಕಾನಂದರು ಮಲಬಾರಿನವರನ್ನು ಹುಚ್ಚರಿಗೆ ಹೋಲಿಸಿದ್ದು ಪ್ರಸಿದ್ಧವಾಗಿದೆ.

ಅಯ್ಯಂಕಾಳಿಯವರ ತಂದೆಗೆ ಒಂದು ಅದೃಷ್ಟವಿತ್ತು. ಅವರು ಪುತ್ತಲತ್ ಮನೆತನದ ಪರಮೇಶ್ವರನ್ ಪಿಳ್ಳೆ ಎಂಬ ನಾಯರ್ ಜಮೀನುದಾರರ ಬಳಿ ಆಳಾಗಿದ್ದರು. ಕಾಡು ಕಡಿದು ಹೊಸ ಗದ್ದೆ ಮಾಡಿಕೊಟ್ಟ ಈ ಆಳಿನ ದುಡಿಮೆಗೆ ಮೆಚ್ಚಿ ಒಡೆಯರು ಕೆಲವು ಎಕರೆ ಭೂಮಿಯನ್ನು ಅವರಿಗೇ ಬಿಟ್ಟುಕೊಟ್ಟರು. ಅಂದಿನ ಪುಲಯರಲ್ಲಿ ಸ್ವಂತದ ಭೂಮಿ ಎಂಬುದು ಬಲು ಅಪರೂಪ. ಹೀಗಾಗಿ ಮಗನು ಬೆಳೆದದ್ದು ತನ್ನ ಹೊಲ, ತನ್ನ ಎತ್ತು, ತನ್ನ ಅನ್ನ ಇದ್ದ ಮನೆಯಲ್ಲಿ. ಹೊಟ್ಟೆಗೆ ಒಡೆಯನ ಕೈ ನೋಡಬೇಕಿಲ್ಲದವನಿಗೆ ಬೆನ್ನು ನೇರ ಮಾಡಿ ನಿಲ್ಲುವುದು ಸ್ವಲ್ಪ ಸುಲಭ. ಮುಂದಿನ ಕಥೆಗೆಲ್ಲ ಈ ತುಂಡು ಭೂಮಿಯೇ ಆಧಾರವಾಯಿತೆಂದು ಹೇಳಬಹುದು.

1888ರಲ್ಲಿ ಅವರಿಗೆ ಚೆಲ್ಲಮ್ಮ ಎಂಬುವರೊಡನೆ ಮದುವೆಯಾಯಿತು. ಅದೇ ವರ್ಷ ನಾರಾಯಣ ಗುರುಗಳು ಅರುವಿಪ್ಪುರಂನಲ್ಲಿ ಶಿವಪ್ರತಿಷ್ಠೆ ಮಾಡಿದರು. ಇದೇ ಗುರುಗಳು 1912ರಲ್ಲಿ ನಮ್ಮ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆಯನ್ನು ನೆರವೇರಿಸಿದರು. ಗಾಳಿ ಬದಲಾಗತೊಡಗಿದ ಕಾಲ ಅದು.

ಬಂಡಿಯ ಸವಾರಿ

ತರುಣ ಅಯ್ಯಂಕಾಳಿಯವರು ಒಳ್ಳೆಯ ಆಳ್ತನದ, ಗಟ್ಟಿಮುಟ್ಟಾದ ಗಂಡಸು. ತಮ್ಮ ಓರಗೆಯ ಹುಡುಗರನ್ನು ಕೂಡಿಸಿ ಗರಡಿಯ ಸಾಮು, ಕೋಲಿನ ವರಸೆ ಕಲಿಸಿದರು. ಪುಲಯರು ಪೆಟ್ಟು ತಿಂದು ಬರುವುದು ನಿತ್ಯದ ಸಂಗತಿಯಾಗಿದ್ದ ಆ ಕಾಲದಲ್ಲಿ ತಿರುಗಿ ನಿಲ್ಲಬಲ್ಲ ಒಂದು ಪಡೆ ತಯಾರಾಯಿತು.

1893ರಲ್ಲಿ ಅವರು ಒಂದು ‘ವಿಲ್ಲುವಂಡಿ’ಯನ್ನು ಕೊಂಡರು. ವಿಲ್ಲು ಎಂದರೆ ಬಿಲ್ಲು, ವಂಡಿ ಎಂದರೆ ಬಂಡಿ. ಕನ್ನಡದವರಿಗೆ ಅರ್ಥ ಹೇಳಬೇಕಾಗಿಯೇ ಇಲ್ಲ. ಗೊಬ್ಬರ, ಭತ್ತ ಹೇರುವ ಬಂಡಿ ಇದಲ್ಲ. ಉಳ್ಳವರು ತಮ್ಮ ಸವಾರಿಗೆಂದು ಇಟ್ಟುಕೊಳ್ಳುತ್ತಿದ್ದ ಬಂಡಿ. ನಮ್ಮ ಕಡೆಯ ಗೌಡರ ಸವಾರಿ ಗಾಡಿ ಇದ್ದ ಹಾಗೆ. ಎರಡು ಬಿಳಿಯ ಎತ್ತುಗಳನ್ನು ಹೂಡಿ, ಅವುಗಳ ಕೊರಳಿಗೆ ಗಂಟೆ ಕಟ್ಟಿ, ತಾವು ಬಿಳಿಯ ಪಂಚೆ ಉಟ್ಟು, ಅಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ಯಾವ ದಾರಿಯಲ್ಲಿ ಪುಲಯರು ನಡೆಯಲೂ ಬಾರದೋ ಅದೇ ರಾಜಮಾರ್ಗದಲ್ಲಿ ಬಂಡಿ ಹೊಡೆದುಕೊಂಡು ಹೊರಟರು.

ದಾರಿಯಲ್ಲಿ ಜನ ಅಡ್ಡಗಟ್ಟಿದರು. ಅಯ್ಯಂಕಾಳಿಯವರು ಸೊಂಟದ ಕತ್ತಿಯನ್ನು ಹೊರತೆಗೆದು ತೋರಿಸಿದರೆಂದೂ, ಅಡ್ಡ ಬಂದವರು ಹಿಂದಕ್ಕೆ ಸರಿದರೆಂದೂ ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಬಂಡಿ ಮುಂದಕ್ಕೆ ಹೋಯಿತು. ಅಂದು ಹೋದದ್ದು ಸಣ್ಣ ದೂರವೇ ಇರಬಹುದು. ಆದರೆ ಸರ್ಕಾರದ ಕಾಗದದ ಮೇಲೆ ಎಲ್ಲರಿಗೂ ತೆರೆದಿದ್ದ ರಸ್ತೆ, ನೆಲದ ಮೇಲೆ ಪುಲಯನೊಬ್ಬನಿಗೆ ತೆರೆದದ್ದು ಆ ದಿನ.

ಇಲ್ಲಿ ಒಂದು ಸ್ವಾರಸ್ಯವನ್ನು ವಾಚಕರು ಗಮನಿಸಬೇಕು. ಅದೇ 1893ರ ಜೂನ್ ತಿಂಗಳಲ್ಲಿ ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಒಬ್ಬ ತರುಣ ಬ್ಯಾರಿಸ್ಟರರನ್ನು, ಮೊದಲನೆಯ ದರ್ಜೆಯ ಟಿಕೆಟ್ಟಿದ್ದರೂ ಬಣ್ಣದ ಕಾರಣಕ್ಕೆ ರೈಲಿನಿಂದ ಹೊರಕ್ಕೆ ಹಾಕಲಾಯಿತು. ಆ ಬ್ಯಾರಿಸ್ಟರರು ಮೋಹನದಾಸ ಗಾಂಧಿ. ಇಬ್ಬರೂ ಒಬ್ಬರನ್ನೊಬ್ಬರು ಅರಿಯರು. ಇಬ್ಬರ ದಾರಿಯೂ ಬೇರೆ. ಇಬ್ಬರಿಗೂ ಅಡ್ಡ ಬಂದದ್ದು ಮಾತ್ರ ಒಂದೇ ಮಾತು: ‘ಇದು ನಿನ್ನ ಜಾಗವಲ್ಲ.’ ನಲವತ್ತನಾಲ್ಕು ವರ್ಷಗಳ ಮೇಲೆ ಇವರಿಬ್ಬರೂ ಎದುರುಬದುರಾದುದನ್ನು ಮುಂದೆ ಹೇಳುತ್ತೇನೆ.

ಬಂಡಿಯ ಸವಾರಿ ಸುಖವಾಗಿ ಮುಗಿಯಲಿಲ್ಲ. ಅದನ್ನು ನೋಡಿ ಧೈರ್ಯ ಬಂದ ಪುಲಯ ತರುಣರು ರಸ್ತೆಗೆ ಇಳಿದರು. 1898ರಲ್ಲಿ ಬಾಲರಾಮಪುರದ ಬಳಿ ದೊಡ್ಡ ಹೊಡೆದಾಟವೇ ಆಯಿತು. ಎರಡೂ ಕಡೆ ರಕ್ತ ಹರಿಯಿತು. ಸುತ್ತಲ ಊರುಗಳಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು. ಆದರೂ ಒಮ್ಮೆ ನಡೆದ ದಾರಿಯನ್ನು ಜನ ಬಿಟ್ಟುಕೊಡಲಿಲ್ಲ.

ಶಾಲೆಯ ಬಾಗಿಲು

ದಾರಿಯಲ್ಲಿ ನಡೆಯುವ ಹಕ್ಕು ಸಿಕ್ಕಿದರೆ ಸಾಕೇ? ದಾರಿ ಎಲ್ಲಿಗೆ ಹೋಗಬೇಕು? ಅಯ್ಯಂಕಾಳಿಯವರು ಶಾಲೆಯ ಕಡೆಗೆ ಕೈ ತೋರಿಸಿದರು. ತಮಗೆ ಅಕ್ಷರ ಬಾರದ ಕೊರಗು ಅವರಿಗೆ ಕೊನೆಯವರೆಗೂ ಇತ್ತು. ಪತ್ರ ಓದಿಸಲು, ಅರ್ಜಿ ಬರೆಸಲು ಅವರು ಇತರರನ್ನೇ ಆಶ್ರಯಿಸಬೇಕಾಗಿತ್ತು.

1904ರಲ್ಲಿ ಅವರು ವೆಂಗಾನೂರಿನಲ್ಲಿ ತಾವೇ ಒಂದು ಶಾಲೆ ಕಟ್ಟಿದರು. ಕಂಬ ನೆಟ್ಟು, ಗರಿ ಹೊದಿಸಿದ ಗುಡಿಸಲು ಅದು. ವಿರೋಧಿಗಳು ಅದನ್ನು ಸುಟ್ಟರು. ಮತ್ತೆ ಕಟ್ಟಿದರು. ಕಲಿಸಲು ಬಂದ ಉಪಾಧ್ಯಾಯರನ್ನು ದಾರಿಯಲ್ಲಿ ತಡೆಯುವ ಭಯವಿದ್ದುದರಿಂದ ಅವರನ್ನು ಕರೆತರಲು, ಮನೆ ಮುಟ್ಟಿಸಲು ಕಾವಲಿನವರು ಬೇಕಾಯಿತು.

ಆದರೆ ಊರಿಗೊಂದು ಗುಡಿಸಲು ಕಟ್ಟಿ ಎಷ್ಟು ಮಕ್ಕಳಿಗೆ ಕಲಿಸಲು ಸಾಧ್ಯ? ಸರ್ಕಾರದ ಶಾಲೆಗಳು ಇವೆ. ಸರ್ಕಾರದ ಬೊಕ್ಕಸ ತುಂಬುವ ಭತ್ತವನ್ನು ಬೆಳೆಯುವವರು ಪುಲಯರು. ಅಂದ ಮೇಲೆ ಆ ಶಾಲೆಗಳಲ್ಲಿ ಅವರ ಮಕ್ಕಳಿಗೂ ಜಾಗವಿರಬೇಕು, ಇದು ಅವರ ವಾದ. 1907ರಲ್ಲಿ ಅವರು ‘ಸಾಧುಜನ ಪರಿಪಾಲನ ಸಂಘ’ವನ್ನು ಸ್ಥಾಪಿಸಿದರು. ಸಾಧುಜನ ಎಂದರೆ ಬಡವರು. ಜಾತಿಯ ಹೆಸರನ್ನು ಇಡದೆ ಈ ಹೆಸರನ್ನು ಇಟ್ಟದ್ದೂ ಗಮನಾರ್ಹ. ಊರೂರಿಗೆ ಶಾಖೆಗಳಾದವು. ವಾರದಲ್ಲಿ ಏಳು ದಿನವೂ ದುಡಿಯುತ್ತಿದ್ದ ಆಳುಗಳು ಇನ್ನು ಮುಂದೆ ಆರು ದಿನ ಮಾತ್ರ ದುಡಿಯಬೇಕು, ಭಾನುವಾರ ಸಂಘದ ಸಭೆಗೆ ಸೇರಬೇಕು ಎಂದು ಸಂಘ ಹೇಳಿತು. ವಾರಕ್ಕೊಂದು ದಿನದ ಬಿಡುವು ಅವರ ಅಜ್ಜ ಮುತ್ತಜ್ಜಂದಿರು ಕಂಡರಿಯದ ಸಂಪತ್ತು.

ಅದೇ 1907ರಲ್ಲಿ ಪುಲಯರ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಬೇಕೆಂದು ಸರ್ಕಾರ ಆಜ್ಞೆಯನ್ನೂ ಮಾಡಿತು. ಆಜ್ಞೆ ಕಚೇರಿಯಲ್ಲಿಯೇ ಮಲಗಿತು. ಕೆಳಗಿನ ಅಧಿಕಾರಿಗಳೂ ಶಾಲೆ ನಡೆಸುವವರೂ ಅದನ್ನು ಹೊರಕ್ಕೆ ಬಿಡಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋದವರನ್ನು ಬಾಗಿಲಿನಿಂದಲೇ ಅಟ್ಟಿದರು.

ಗದ್ದೆಗೆ ಇಳಿಯದ ಆಳುಗಳು

ಆಗ ಅಯ್ಯಂಕಾಳಿಯವರು ಆಳುಗಳಿಗೆಲ್ಲ ಒಂದು ಮಾತು ಹೇಳಿದರು: ನಮ್ಮ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯುವವರೆಗೆ ನಾವು ಅವರ ಗದ್ದೆಗೆ ಇಳಿಯುವುದು ಬೇಡ, ಅಲ್ಲಿ ಕಳೆ ಬೆಳೆಯಲಿ. ಶಾಲೆಯ ಜೊತೆಗೆ ಇನ್ನೂ ಕೆಲವು ಬೇಡಿಕೆಗಳಿದ್ದವು. ಕೂಲಿ ಹೆಚ್ಚಬೇಕು; ಕೆಲಸದ ನಡುವೆ ವಿಶ್ರಾಂತಿ ಬೇಕು; ಹೊಡೆಯುವುದು, ಸುಳ್ಳು ಮೊಕದ್ದಮೆಯಲ್ಲಿ ಸಿಕ್ಕಿಸುವುದು ನಿಲ್ಲಬೇಕು; ದಾರಿಯಲ್ಲಿ ನಡೆಯಲು ಯಾರೂ ಅಡ್ಡಿ ಮಾಡಬಾರದು.

ಭತ್ತದ ಬೇಸಾಯ ಬಲ್ಲವರಿಗೆ ಈ ಬೆದರಿಕೆಯ ತೂಕ ತಿಳಿಯುತ್ತದೆ. ಸಸಿಮಡಿಯಲ್ಲಿ ಬೆಳೆಸಿದ ಸಸಿಯನ್ನು ಮೂರು ನಾಲ್ಕು ವಾರಗಳೊಳಗೆ ಕಿತ್ತು ನಾಟಿ ಮಾಡಬೇಕು. ಹೊತ್ತು ಮೀರಿದರೆ ಸಸಿ ಬಲಿತು ತೆಂಡೆ ಒಡೆಯುವುದಿಲ್ಲ. ನಾಟಿಯಾದ ಮೇಲೆ ಕಳೆ ಕೀಳದಿದ್ದರೆ ಗೊಬ್ಬರವೆಲ್ಲ ಕಳೆಯ ಪಾಲು. ಕೊಯ್ಲು ತಡವಾದರೆ ಕಾಳು ಉದುರಿ ಕೆಸರಿಗೆ ಬೀಳುತ್ತದೆ. ಗಿರಣಿಯ ಯಂತ್ರವನ್ನು ಒಂದು ತಿಂಗಳು ನಿಲ್ಲಿಸಿ ಮತ್ತೆ ನಡೆಸಬಹುದು; ಮಳೆ ಮಾತ್ರ ಯಾರಿಗೂ ಕಾಯುವುದಿಲ್ಲ. ಈ ಕೆಲಸಗಳಲ್ಲಿ ನಾಟಿ, ಕಳೆ ಹೆಚ್ಚಾಗಿ ಹೆಂಗಸರ ಕೈಯವು. ಆದ್ದರಿಂದ ಈ ಮುಷ್ಕರದ ಭಾರ ಗಂಡಸರಷ್ಟೇ ಹೆಂಗಸರ ಮೇಲೂ ಬಿತ್ತು.

ಜಮೀನುದಾರರು ಮೊದಲು ನಕ್ಕರು. ಹೊಟ್ಟೆ ಹಸಿದರೆ ತಾವೇ ಬರುತ್ತಾರೆ ಎಂದುಕೊಂಡರು. ಅವರ ಲೆಕ್ಕ ತೀರ ತಪ್ಪೂ ಅಲ್ಲ. ದಿನದ ಕೂಲಿಯನ್ನು ಭತ್ತದ ರೂಪದಲ್ಲಿ ಪಡೆದು ಅಂದೇ ಕುಟ್ಟಿ ಉಣ್ಣುವ ಜನ. ಅವರ ಮನೆಯಲ್ಲಿ ನಾಳೆಗೆ ಎಂದು ಇಟ್ಟದ್ದು ಏನೂ ಇರಲಿಲ್ಲ. ಕೆಲವರು ಜಮೀನುದಾರರು ತಾವೇ ಗದ್ದೆಗೆ ಇಳಿದು ನೋಡಿದರು. ಅಭ್ಯಾಸವಿಲ್ಲದ ಸೊಂಟ ಎಷ್ಟು ಹೊತ್ತು ಬಗ್ಗೀತು? ಬಲಾತ್ಕಾರದಿಂದ ಆಳುಗಳನ್ನು ಎಳೆದುತರುವ ಪ್ರಯತ್ನವೂ ಆಯಿತು. ಅಯ್ಯಂಕಾಳಿಯವರ ಪಡೆ ಅದಕ್ಕೆ ಅಡ್ಡ ನಿಂತಿತು.

ಹಸಿವಿಗೆ ಮದ್ದು ಬಂದದ್ದು ಸಮುದ್ರದಿಂದ. ವಿಳಿಞ್ಞಂನ ಮೀನುಗಾರರು ಪುಲಯರನ್ನು ತಮ್ಮ ದೋಣಿಗಳಿಗೆ ಸೇರಿಸಿಕೊಂಡರು. ಗದ್ದೆಯ ಕೆಸರು ಮಾತ್ರ ಬಲ್ಲ ಕಾಲುಗಳು ಅಲೆಯ ಮೇಲೆ ನಿಲ್ಲಲು ಕಲಿತವು. ಹಿಡಿದ ಮೀನಿನಲ್ಲಿ ಪಾಲು ಸಿಕ್ಕಿತು. ಮನೆಯಲ್ಲಿ ಒಲೆ ಹೊತ್ತಿತು. ಈ ಮೀನುಗಾರರಿಗೂ ಪುಲಯರಿಗೂ ಜಾತಿ ಬೇರೆ, ಮತ ಬೇರೆ, ಕಸುಬೂ ಬೇರೆ. ಅವರು ಆಗ ಕೈ ಹಿಡಿಯದಿದ್ದರೆ ಈ ಮುಷ್ಕರ ಎಷ್ಟು ದಿನ ನಿಲ್ಲುತ್ತಿತ್ತೋ ಹೇಳುವಂತಿಲ್ಲ.

ಹೀಗೆ ಸುಮಾರು ಒಂದು ವರ್ಷ ಕಳೆಯಿತು. ಗದ್ದೆಗಳಲ್ಲಿ ಹುಲ್ಲು ಎದ್ದಿತು. ಕೊನೆಗೆ ಸರ್ಕಾರ ಸುಮ್ಮನಿರಲಾರದೆ ಕಂಡಳ ನಾಗಂ ಪಿಳ್ಳೆ ಎಂಬ ಮ್ಯಾಜಿಸ್ಟ್ರೇಟರನ್ನು ಮಧ್ಯಸ್ಥರನ್ನಾಗಿ ಕಳುಹಿಸಿತು. ಕೂಲಿ ಹೆಚ್ಚಿಸಲು, ದಾರಿಯಲ್ಲಿ ತಡೆಯದಿರಲು, ಮಕ್ಕಳ ಶಾಲಾ ಪ್ರವೇಶಕ್ಕೆ ಅಡ್ಡಿ ಬಾರದಿರಲು ಜಮೀನುದಾರರು ಒಪ್ಪಿದರು. ಆಳುಗಳು ಗದ್ದೆಗೆ ಇಳಿದರು.

ಈ ಘಟನೆಯನ್ನು ಓದುವಾಗ ಅಮೆರಿಕದ ಮಾಂಟ್‌ಗೊಮರಿ ನಗರದ ನೀಗ್ರೋ ಜನರು 1955-56ರಲ್ಲಿ ಬಸ್ಸು ಹತ್ತದೆ 381 ದಿನ ನಡೆದೇ ಕೆಲಸಕ್ಕೆ ಹೋದದ್ದು ನೆನಪಾಗುತ್ತದೆ. ಅಧಿಕಾರ, ಹಣ, ಆಯುಧ ಯಾವುದೂ ಇಲ್ಲದವರಿಗೆ ಉಳಿದಿರುವುದು ಒಂದೇ: ತಾವು ಇದುವರೆಗೆ ಕೊಡುತ್ತಿದ್ದುದನ್ನು ಕೊಡುವುದಿಲ್ಲವೆಂದು ಒಟ್ಟಾಗಿ ಹೇಳುವುದು. ಮಾಂಟ್‌ಗೊಮರಿಗೆ ಅರ್ಧ ಶತಮಾನ ಮುಂಚೆ ವೆಂಗಾನೂರಿನವರು ಅದನ್ನು ಮಾಡಿ ತೋರಿಸಿದ್ದರು.

ಸಭೆಯಲ್ಲಿ ಅಯ್ಯಂಕಾಳಿ

ನಮ್ಮ ಮೈಸೂರಿನಲ್ಲಿ 1881ರಲ್ಲಿ ರಂಗಾಚಾರ್ಲು ಅವರ ಕಾಲಕ್ಕೆ ಪ್ರಜಾಪ್ರತಿನಿಧಿ ಸಭೆ ಪ್ರಾರಂಭವಾದದ್ದು ವಾಚಕರಿಗೆ ಗೊತ್ತೇ ಇದೆ. ತಿರುವಾಂಕೂರಿನಲ್ಲಿ 1904ರಲ್ಲಿ ಅಂಥದೇ ‘ಶ್ರೀಮೂಲಂ ಪ್ರಜಾಸಭೆ’ ಏರ್ಪಟ್ಟಿತು. ಅದರಲ್ಲಿ ಪುಲಯರ ಪರವಾಗಿ ಮಾತಾಡಲು ಮೊದಲು ನೇಮಕವಾದವರು ‘ಸುಭಾಷಿಣಿ’ ಪತ್ರಿಕೆಯ ಸಂಪಾದಕ ಪಿ. ಕೆ. ಗೋವಿಂದ ಪಿಳ್ಳೆಯವರು. ಅವರು ಮಾಡಿದ ದೊಡ್ಡ ಉಪಕಾರವೆಂದರೆ, ಈ ಜನರ ಮಾತನ್ನು ಅವರಲ್ಲೇ ಒಬ್ಬರು ಆಡಲಿ ಎಂದು ಸರ್ಕಾರಕ್ಕೆ ಹೇಳಿದ್ದು. ಅದರಂತೆ 1911ರ ಡಿಸೆಂಬರಿನಲ್ಲಿ ದಿವಾನ್ ಪಿ. ರಾಜಗೋಪಾಲಾಚಾರಿಯವರ ಕಾಲದಲ್ಲಿ ಅಯ್ಯಂಕಾಳಿಯವರು ಸದಸ್ಯರಾಗಿ ನೇಮಕವಾದರು. ಬಂಡಿ ಹತ್ತಿದ್ದಕ್ಕೆ ಹೊಡೆಸಿಕೊಳ್ಳಬೇಕಾಗಿದ್ದ ಮನುಷ್ಯ ಕೋಟು ತೊಟ್ಟು, ಪೇಟ ಸುತ್ತಿ, ದಿವಾನರ ಎದುರಿಗೆ ಕುಳಿತರು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಆ ಸಭೆಯಲ್ಲಿ ಇದ್ದರು.

ಅಲ್ಲಿ ಅವರು ಕೇಳಿದ್ದೆಲ್ಲ ನಿತ್ಯದ ಬಾಳಿನ ಸಂಗತಿಗಳು. ಮನೆ ಕಟ್ಟಲು, ಉಳಲು ಸರ್ಕಾರದ ಪಾಳುಭೂಮಿ ಕೊಡಿ. ಶಾಲೆಯ ಫೀಜು ಬಿಡಿ. ಹಸಿದ ಮಕ್ಕಳಿಗೆ ಮಧ್ಯಾಹ್ನ ಊಟ ಕೊಡಿ. ಓದಿದವರಿಗೆ ಸಣ್ಣದಾದರೂ ಒಂದು ಸರ್ಕಾರಿ ಕೆಲಸ ಕೊಡಿ. ಶಾಲೆಯಲ್ಲಿ ಮಧ್ಯಾಹ್ನದ ಊಟ ಇಂದು ದೇಶಕ್ಕೆಲ್ಲ ಪರಿಚಿತ. ಅದನ್ನು ಕೇಳಿದ ಮೊದಲಿಗರಲ್ಲಿ ಒಬ್ಬರು ಈ ಅಕ್ಷರ ಬಾರದ ಸದಸ್ಯರು ಎಂಬುದನ್ನು ನಾವು ಮರೆಯಬಾರದು. ಸರ್ಕಾರ ಕೆಲವು ಕಡೆ ಭೂಮಿಯನ್ನೂ ಹಂಚಿತು.

ಶಾಲೆಯ ಆಜ್ಞೆಯನ್ನು ಸರ್ಕಾರ 1910ರಲ್ಲಿ ಮತ್ತೆ ಹೊರಡಿಸಿತ್ತು. ಆದರೂ ಬಾಗಿಲು ಸಲೀಸಾಗಿ ತೆರೆಯಲಿಲ್ಲ. 1914ರಲ್ಲಿ ಅಯ್ಯಂಕಾಳಿಯವರು ಪಂಚಮಿ ಎಂಬ ಪುಲಯ ಹುಡುಗಿಯನ್ನು ಕೈಹಿಡಿದು ಊರುಟ್ಟಂಬಲಂ ಶಾಲೆಗೆ ಕರೆದೊಯ್ದರು. ಸೇರಿಸಿಕೊಳ್ಳಬೇಕೆಂಬ ಆಜ್ಞೆ ಅವರ ಬಳಿ ಇತ್ತು. ಹುಡುಗಿ ಬೆಂಚಿನ ಮೇಲೆ ಕುಳಿತಳು. ಉಳಿದವರು ಎದ್ದು ಹೋದರು. ಹೊಡೆದಾಟವಾಯಿತು. ಅವಳು ಕುಳಿತ ಶಾಲೆಗೇ ಬೆಂಕಿ ಹಚ್ಚಿದರು. ಒಂದು ಮಗು ಕುಳಿತದ್ದರಿಂದ ಮೈಲಿಗೆಯಾಯಿತೆಂದು ಊರಿನವರು ತಮ್ಮ ಮಕ್ಕಳ ಶಾಲೆಯನ್ನೇ ಸುಟ್ಟುಕೊಂಡ ಈ ಸಂಗತಿಯನ್ನು ಏನೆಂದು ಕರೆಯೋಣ?

ಮರುವರ್ಷ, 1915ರ ಅಕ್ಟೋಬರಿನಲ್ಲಿ, ಕೊಲ್ಲಂ ಬಳಿಯ ಪೆರಿನಾಡಿನಲ್ಲಿ ಪುಲಯರ ಸಭೆಯ ಮೇಲೆ ದಾಳಿಯಾಗಿ ದೊಡ್ಡ ಗಲಭೆ ಎದ್ದಿತು. ಹೆಂಗಸರು ಜಾತಿಯ ಗುರುತಾದ ಕಲ್ಲುಮಾಲೆಯನ್ನು ಬಿಟ್ಟು ರವಿಕೆ ತೊಡಬೇಕೆಂಬುದೇ ಆ ಸಭೆಯ ಕರೆ. ನೂರಾರು ಗುಡಿಸಲುಗಳು ಉರಿದವು. ಅಯ್ಯಂಕಾಳಿಯವರು ಅಲ್ಲಿಗೆ ಧಾವಿಸಿ, ಡಿಸೆಂಬರಿನಲ್ಲಿ ಕೊಲ್ಲಂ ನಗರದಲ್ಲಿ ಸರ್ಕಸ್ಸಿನ ಡೇರೆಯೊಳಗೆ ಒಂದು ಸಭೆ ಸೇರಿಸಿದರು. ಸುಡಲು ಬಂದವರ ಜಾತಿಗೆ ಸೇರಿದ ಚಂಗನಾಶ್ಶೇರಿ ಪರಮೇಶ್ವರನ್ ಪಿಳ್ಳೆಯವರೇ ಅಧ್ಯಕ್ಷರು. ಎರಡು ಜಾತಿಯವರೂ ಅಲ್ಲಿ ಕುಳಿತಿದ್ದರು. ಅವರೆಲ್ಲರ ಎದುರಿಗೆ ಹೆಂಗಸರು ಒಬ್ಬೊಬ್ಬರಾಗಿ ಎದ್ದುಬಂದು ಕೊರಳಿನ ಕಲ್ಲುಮಾಲೆಗಳನ್ನು ಕತ್ತರಿಸಿ ಹಾಕಿದರು. ವೇದಿಕೆಯ ಮೇಲೆ ಅದರ ರಾಶಿಯಾಯಿತು. ಗಲಭೆಯ ಮೊಕದ್ದಮೆಯಲ್ಲಿ ಪುಲಯರ ಪರ ವಾದಿಸಿದ ವಕೀಲರಿಗೆ ಕೊಡಲು ಹಣವಿರಲಿಲ್ಲ. ಅದಕ್ಕೆ ಬದಲಾಗಿ ಅವರು ಕೊಲ್ಲಂನಲ್ಲಿ ಒಂದು ಕೊಳ ತೋಡಿಕೊಟ್ಟರು. ಹಣ ಇಲ್ಲದವರು ದುಡಿಮೆಯಿಂದಲೇ ಋಣ ತೀರಿಸಿದರು.

ನಮ್ಮವರಲ್ಲಿ ಇದೇ ದಾರಿ ಹಿಡಿದವರು

ಇದು ಪರರಾಜ್ಯದ ಕಥೆ, ನಮಗೇನು ಎಂದು ಯಾರೂ ಅನ್ನದಿರಲಿ. ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು, ಕಲಬುರ್ಗಿ, ಬೀದರಗಳಿಂದ ಈ ನಗರಕ್ಕೆ ಬಂದು ನೆಲೆಸಿದ ಮನೆಗಳಲ್ಲಿ ಬಿಟ್ಟಿ ಬೇಗಾರಿಯ ಸುದ್ದಿ ಕೇಳದ ಹಿರಿಯರಿರಲಿಲ್ಲ. ತೆಲಂಗಾಣದಲ್ಲಿ ಅದಕ್ಕೆ ‘ವೆಟ್ಟಿ’ ಎಂದು ಹೆಸರು. ಹೆಸರು ಬೇರೆಯಾದರೂ ಬಗ್ಗಿದ ಬೆನ್ನು ಒಂದೇ.

ಇದೇ ಹೈದರಾಬಾದಿನಲ್ಲಿ ಮಾದರಿ ಭಾಗ್ಯರೆಡ್ಡಿ ವರ್ಮರು 1906ರಲ್ಲಿ, ಅಂದರೆ ಅಯ್ಯಂಕಾಳಿಯವರ ಸಂಘಕ್ಕೆ ಒಂದು ವರ್ಷ ಮುಂಚೆ, ‘ಜಗನ್ ಮಿತ್ರ ಮಂಡಳಿ’ಯನ್ನು ಕಟ್ಟಿ, ಮುಂದೆ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಹಲವು ಶಾಲೆಗಳನ್ನು ನಡೆಸಿದರು. ಅವರು ಹುಟ್ಟಿದ್ದು 1888ರಲ್ಲಿ, ತೀರಿಕೊಂಡದ್ದು 1939ರಲ್ಲಿ. ಇತ್ತ ಮಂಗಳೂರಿನಲ್ಲಿ, ಕಾಸರಗೋಡಿನಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು ಇನ್ನೂ ಮುಂಚಿತವಾಗಿಯೇ ದಲಿತ ಮಕ್ಕಳಿಗೆ ಶಾಲೆ ತೆರೆದು ಜಾತಿಯವರ ಬಹಿಷ್ಕಾರವನ್ನು ಉಂಡರು. ತಾವು ಕಲಿಸಿದ ಮಕ್ಕಳು ಓದಿ ದೊಡ್ಡ ಕೆಲಸಕ್ಕೆ ಸೇರಿ ಕಾರಿನಲ್ಲಿ ಓಡಾಡುವಂತಾಗಬೇಕು, ಆ ಕಾರಿನ ಗಾಲಿಯ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಆಸೆ. ರಂಗರಾಯರು ಕಂಡ ಕನಸಿನ ಕಾರು, ಅಯ್ಯಂಕಾಳಿಯವರು ಹೊಡೆದ ಬಂಡಿ, ಎರಡೂ ಒಂದೇ ದಾರಿಯವು. ರಂಗರಾಯರು ಕೈ ಚಾಚಿ ಮೇಲೆತ್ತಿದವರು. ಅಯ್ಯಂಕಾಳಿಯವರು ಕೆಳಗಿನಿಂದ ತಾವೇ ಎದ್ದು ಬಂದವರು. ಇಬ್ಬರೂ ಬೇಕಾಗಿತ್ತು.

ಕೊನೆಯ ದಿನಗಳು

ರಸ್ತೆಯ ಪ್ರಶ್ನೆ ಅಷ್ಟು ಬೇಗ ತೀರಲಿಲ್ಲ. ಬಂಡಿಯ ಸವಾರಿಯಾಗಿ ಮೂವತ್ತೊಂದು ವರ್ಷಗಳ ಮೇಲೆ, 1924ರಲ್ಲಿ, ವೈಕಂ ದೇವಾಲಯದ ಸುತ್ತಲ ರಸ್ತೆಗಾಗಿ ಮತ್ತೆ ಸತ್ಯಾಗ್ರಹ ನಡೆಯಬೇಕಾಯಿತು. 1936ರ ನವೆಂಬರ್ 12ರಂದು ತಿರುವಾಂಕೂರಿನ ಮಹಾರಾಜರು ದೇವಾಲಯಗಳನ್ನು ಎಲ್ಲ ಹಿಂದುಗಳಿಗೂ ತೆರೆದರು. ಅದಾದ ಎರಡು ತಿಂಗಳಿಗೆ, 1937ರ ಜನವರಿಯಲ್ಲಿ, ಗಾಂಧೀಜಿಯವರು ವೆಂಗಾನೂರಿಗೆ ಬಂದರು. 1893ರ ರೈಲಿನ ಪ್ರಯಾಣಿಕರೂ 1893ರ ಬಂಡಿಯ ಸವಾರರೂ ಒಂದೇ ವೇದಿಕೆಯ ಮೇಲೆ ಕುಳಿತರು. ಎಪ್ಪತ್ತಮೂರು ವರ್ಷದ ಅಯ್ಯಂಕಾಳಿಯವರಿಗೆ ಆಗಲೇ ದಮ್ಮಿನ ಕಾಯಿಲೆ. ತಾನು ಸಾಯುವುದರೊಳಗೆ ತನ್ನ ಜನರಲ್ಲಿ ಹತ್ತು ಮಂದಿ ಬಿ.ಎ. ಆದುದನ್ನು ನೋಡಬೇಕು ಎಂಬುದು ಅವರ ಹಂಬಲವಾಗಿತ್ತು. ರಾಜ್ಯ ಬೇಕು, ಹಣ ಬೇಕು ಎನ್ನದೆ ಹತ್ತು ಬಿ.ಎ.ಗಳನ್ನು ಕೇಳಿದ ಮುದುಕ! ಅವರ ಇಡೀ ಬಾಳು ಆ ಒಂದು ಆಸೆಯಲ್ಲಿ ಕಾಣುತ್ತದೆ.

1941ರ ಜೂನ್ 18ರಂದು ಅವರು ತೀರಿಕೊಂಡರು. ದೇಶ ಸ್ವತಂತ್ರವಾದದ್ದನ್ನೂ, ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನವನ್ನೂ ಅವರು ನೋಡಲಿಲ್ಲ. 1980ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ತಿರುವನಂತಪುರದ ವೆಳ್ಳಯಂಬಲಂನಲ್ಲಿ ಅವರ ಪ್ರತಿಮೆಯನ್ನು ಅನಾವರಣ ಮಾಡಿದರು. ಅದೇ ನಗರದ ವಿಕ್ಟೋರಿಯಾ ಜ್ಯೂಬಿಲಿ ಟೌನ್ ಹಾಲಿಗೆ 2019ರಲ್ಲಿ ಅಯ್ಯಂಕಾಳಿಯವರ ಹೆಸರಾಯಿತು. ನಗರದ ಬಡವರಿಗೆ ಕೂಲಿ ಕೆ��ಸ ಕೊಡುವ ಕೇರಳ ಸರ್ಕಾರದ ಯೋಜನೆಯೊಂದಕ್ಕೂ ಅವರ ಹೆಸರನ್ನು ಇಟ್ಟಿದ್ದಾರೆ. ಊರುಟ್ಟಂಬಲಂನ ಶಾಲೆಗೆ 2022ರಲ್ಲಿ ಅಯ್ಯಂಕಾಳಿ-ಪಂಚಮಿ ಸ್ಮಾರಕ ಶಾಲೆ ಎಂದು ಹೆಸರಿಟ್ಟರು. ಅಂದಿನ ಬೆಂಕಿಯಲ್ಲಿ ಅರ್ಧ ಸುಟ್ಟುಳಿದ ಬೆಂಚೊಂದನ್ನು ಆ ಶಾಲೆಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.

ನಮ್ಮಲ್ಲಿ ಎಷ್ಟೋ ಕುಟುಂಬಗಳು ರಜೆಯಲ್ಲಿ ಕನ್ಯಾಕುಮಾರಿ, ಕೋವಳಂ ಎಂದು ಮಕ್ಕಳನ್ನು ಕರೆದುಕೊಂಡು ಹೋಗುವುದುಂಟು. ಕೋವಳಂನ ಸಮುದ್ರತೀರದಿಂದ ವೆಂಗಾನೂರು ಬಹಳ ದೂರವಿಲ್ಲ. ಪದ್ಮನಾಭನ ದರ್ಶನ ಮಾಡಿ, ಸಮುದ್ರದಲ್ಲಿ ಕಾಲು ನೆನೆಸಿ, ಹಾಗೆಯೇ ಒಂದು ಗಳಿಗೆ ಅಲ್ಲಿಗೂ ಹೋಗಿ ಬನ್ನಿ. ಬೆಳಗ್ಗೆ ಶಾಲೆಗೆ ಹೊರಡಲು ಗೋಳು ಹುಯ್ಯುವ ಮಕ್ಕಳಿಗೆ, ಶಾಲೆಗೆ ಹೋಗಬೇಕೆಂದು ಒಂದು ಊರಿಗೆ ಊರೇ ವರ್ಷಗಟ್ಟಲೆ ಹಸಿದ ಸಂಗತಿಯನ್ನು ಅಲ್ಲಿಯೇ ನಿಂತು ಹೇಳಿ.